ಪಲ್ಸಾರಿನ ಜೊತೆಗಾರ ನಕ್ಷತ್ರವನ್ನು ತೀರ್ಥಹಳ್ಳಿಯಲ್ಲಿ ಕೂತು ನೋಡಿದ್ದು

ತೀರ್ಥಹಳ್ಳಿ ಕಡೆ ಮಳೆ ಹಿಡಿಯಿತು ಅಂದರೆ ನಕ್ಷತ್ರದ ಆಸೆ ಬಿಟ್ಟುಬಿಡಬೇಕು. ನಾನು ನೋಡಿದ್ದೆಲ್ಲ ಲ್ಯಾಪ್‌ಟಾಪಿನಲ್ಲೇ. ಅಮೆರಿಕದ ಪಾಲೊಮಾರ್‌ನಲ್ಲಿರುವ 48 ಇಂಚಿನ ದೂರದರ್ಶಕ 2018ರಿಂದ ಝಡ್‌ಟಿಎಫ್ ಅನ್ನೋ ಸಮೀಕ್ಷೆ ಮಾಡುತ್ತಿದೆ, ಅದರ ಡೇಟಾ ಪುಕ್ಕಟೆ ಸಿಗುತ್ತದೆ. ಕರೆಂಟ್ ಇದ್ದಾಗ ಇಳಿಸಿಕೊಂಡರೆ ಆಯ್ತು.

ನಾನು ಆರಿಸಿದ್ದು ಪಿಎಸ್ಆರ್ ಜೆ2339-0533 ಅನ್ನೋ ಜೋಡಿ. ಪಲ್ಸಾರ್ (ಸತ್ತ ನಕ್ಷತ್ರದ ಗಟ್ಟಿ ತಿರುಳು) 2.88 ಮಿಲಿಸೆಕೆಂಡಿಗೆ ಒಂದು ಸುತ್ತು ತಿರುಗುತ್ತದೆ, ಜೊತೆಗಾರ ಅದನ್ನು ಸುಮಾರು 4.6 ಗಂಟೆಗೊಮ್ಮೆ ಸುತ್ತುತ್ತದೆ. ಪಲ್ಸಾರ್ ತನ್ನ ಜೊತೆಗಾರನನ್ನೇ ಸವೆಸೋ ಇಂಥವಕ್ಕೆ ರೆಡ್‌ಬ್ಯಾಕ್ ಅಂತಾರೆ, ಗಂಡನ್ನೇ ತಿನ್ನೋ ಜೇಡದ ಹೆಸರು. ನಮಗೆ ಕಾಣೋ ಬೆಳಕು ಹೆಚ್ಚುಕಮ್ಮಿ ಪೂರ್ತಿ ಜೊತೆಗಾರನದ್ದೇ.

ದೂರದರ್ಶಕ ಅದನ್ನು ನೋಡೋದು ಕೆಲವು ರಾತ್ರಿಗಳಿಗೊಮ್ಮೆ, ಹಾಗಾಗಿ ಬೆಳಕಿನ ಅಳತೆಯ ಚುಕ್ಕಿಗಳನ್ನು ಸುಮ್ನೆ ದಿನಾಂಕದ ಪ್ರಕಾರ ಹಾಕಿದರೆ ಬರೀ ಕಲಸುಮೇಲೋಗರ. ಆಸ್ಟ್ರೋಪೈ ಅನ್ನೋ ಪೈಥಾನ್ ಸಾಧನದಲ್ಲಿ, ಏರಿಳಿತದ ಅವಧಿ ಹುಡುಕೋ ಲಾಂಬ್-ಸ್ಕಾರ್ಗಲ್ ಲೆಕ್ಕ ಓಡಿಸಿದರೆ 4.6 ಗಂಟೆಯ ಜೊತೆಗೆ 3.9, 5.7 ಗಂಟೆಯಲ್ಲೂ ಶಿಖರ ಏಳುತ್ತದೆ. ದಿನಕ್ಕೊಮ್ಮೆ ರಾತ್ರಿ ಬರೋದರ ನೆರಳು ಅದು, ನಿಜವಲ್ಲ. ಸಮಯಕ್ಕೆ ಎಂಜೆಡಿ ಕಾಲಂ (ಭೂಮಿಯಿಂದ ನೋಡಿದ ಹೊತ್ತು) ಬಿಟ್ಟು ಎಚ್‌ಜೆಡಿ (ಸೂರ್ಯನ ಜಾಗಕ್ಕೆ ಸರಿಹೊಂದಿಸಿದ ಹೊತ್ತು) ತಗೊಳ್ಳಿ. ಭೂಮಿ ಸೂರ್ಯನನ್ನು ಸುತ್ತುವಾಗ ಬೆಳಕು ಬರೋದು 8 ನಿಮಿಷದವರೆಗೆ ಹಿಂದೆಮುಂದೆ ಆಗುತ್ತೆ, 4.6 ಗಂಟೆಯ ಸುತ್ತಿನಲ್ಲಿ ಅದು ಸಣ್ಣದಲ್ಲ.

ಎಲ್ಲ ಸುತ್ತುಗಳೂ ಒಂದರ ಮೇಲೊಂದು ಕೂರೋ ಹಾಗೆ ಸರಿಯಾದ ಅವಧಿಗೆ ಮಡಚಿದ ಕೂಡಲೇ ಒಂದೇ ಗುಡ್ಡ ಎದ್ದು ನಿಂತಿತು. ಪಲ್ಸಾರಿನ ಕಡೆ ಮುಖ ಮಾಡಿದ ಭಾಗ ಕಾದು ಕೆಂಡವಾಗಿದೆ, ಅದು ನಮ್ಮ ಕಡೆ ತಿರುಗಿದಾಗ ಬೆಳಕು ಜಾಸ್ತಿ. ಕಾವು ಕಮ್ಮಿ ಇದ್ದು ನಕ್ಷತ್ರ ಬರೀ ಹಿಗ್ಗಿ ಉದ್ದವಾಗಿದ್ದರೆ ಒಂದು ಸುತ್ತಿಗೆ ಎರಡು ಗುಡ್ಡ ಬರುತ್ತವೆ, ಆಗ ಕಂಪ್ಯೂಟರ್ ಹೇಳೋದು ನಿಜವಾದ ಅವಧಿಯ ಅರ್ಧ. ಯಾವುದು ಅಂತ ಬಣ್ಣ ನೋಡಿ ತೀರ್ಮಾನಿಸಬೇಕು. ಇಲ್ಲಿ ಹಸಿರು ಫಿಲ್ಟರಿನ ಬೆಳಕು ಕೆಂಪಿಗಿಂತ ಜಾಸ್ತಿ ಏರಿಳಿಯುತ್ತದೆ, ಅಂದರೆ ಉಷ್ಣತೆಯೇ ಬದಲಾಗುತ್ತಿದೆ. ಕತ್ತಲೆಯ ಬದಿ ತಿರುಗಿದಾಗ ನಕ್ಷತ್ರ ಎಷ್ಟು ಮಂಕಾಗುತ್ತೆ ಅಂದರೆ, ಝಡ್‌ಟಿಎಫ್ ಕಾಣಬಲ್ಲ ಸುಮಾರು 20.5 ಕಾಂತಿಮಾನದ (ಸಂಖ್ಯೆ ಹೆಚ್ಚಿದಷ್ಟೂ ಮಂಕು) ಆಚೆ ಹೋಗಿ ಹಸಿರು ರೇಖೆಯ ತಳವೇ ಖಾಲಿ. ಆ ಖಾಲಿ ಜಾಗವೂ ಮಾಹಿತಿಯೇ ಅಲ್ವಾ, ಅದನ್ನು ಅಳಿಸಿಹಾಕಬೇಡಿ.

ಪಲ್ಸಾರಿನ ತೂಕ ಇಷ್ಟರಿಂದ ಸಿಗಲ್ಲ. ಜೊತೆಗಾರನ ವೇಗಕ್ಕೆ ರೋಹಿತ (ಬಣ್ಣಬಣ್ಣವಾಗಿ ಬಿಡಿಸಿದ ಬೆಳಕು) ಬೇಕು, ಅದಕ್ಕೆ ದೊಡ್ಡ ಕನ್ನಡಿ ಬೇಕು. ಇಂಥದ್ದೇ ಇನ್ನೊಂದು ಜೋಡಿ ಜೆ0952-0607ರ ಪಲ್ಸಾರ್ ಸುಮಾರು 2.35 ಸೂರ್ಯರಷ್ಟು ತೂಕ ಅಂತ 2022ರಲ್ಲಿ ಲೆಕ್ಕ ಹಾಕಿದ್ದು ಹವಾಯಿಯ ಕೆಕ್ ದೂರದರ್ಶಕದಿಂದ.

ಶುರು ಮಾಡೋರು ಜೆ1023+0038 ಅನ್ನೋ ಜೋಡಿಯನ್ನು ಮಾತ್ರ ಆರಿಸಬೇಡಿ. ಹೆಸರು ದೊಡ್ಡದು, ಆದರೆ 2013ರ ಜೂನ್‌ನಲ್ಲಿ ಅಲ್ಲಿ ಮತ್ತೆ ಅನಿಲದ ತಟ್ಟೆ ಕಟ್ಟಿಕೊಂಡಿತು. ಅದರ ಮಿಣುಕಾಟದ ನಡುವೆ ಜೊತೆಗಾರನ ಬೆಳಕು ಬೇರೆ ಮಾಡೋದು ಮೊದಲ ಸಲಕ್ಕೆ ಬೇಡದ ತಲೆನೋವು.