ಮೂರನೇ ಸಲಕ್ಕೆ ಎದ್ದು ನಿಂತ ಮೆಣಸಿನ ಅಗಿ

ಹಿತ್ತಲಲ್ಲೇ ಬೆಳೆಸಿದ ಬ್ಯಾಡಗಿ ಕಡ್ಡಿ ಮೆಣಸಿನ ಅಗಿಯನ್ನು (ಸಸಿಯನ್ನು) ಈ ವರ್ಷ ಅರ್ಧ ಎಕರೆಗೆ ಹಚ್ಚಿ ಮುಗಿಸಿದೆ. 98 ಕುಣಿಯ ಟ್ರೇ 45 ಇಟ್ಟಿದ್ದೆ. ಸುಮಾರು 3,900 ಅಗಿ ಗಟ್ಟಿಯಾಗಿ ಬಂದವು. "ಏ ತಮ್ಮಾ, ಇದು ಮನ್ಯಾಗ ಆಗೂ ಕೆಲಸಲ್ಲ, ನರ್ಸರಿಯಿಂದ ತಂದು ಹಚ್ಚು" ಅಂತ ಎರಡು ವರ್ಷ ಹೇಳಿದ್ದ ಪಕ್ಕದ ಹೊಲದ ಕಾಕಾ, ಈ ಸಲ ಒಂದು ಅಗಿ ಕಿತ್ತು ಬೇರು ನೋಡಿ ಸುಮ್ಮನೆ ನಿಂತರು. ನನಗೆ ಅಷ್ಟು ಸಾಕಾಗಿತ್ತು.

ಮೊದಲ ವರ್ಷ 12 ಟ್ರೇ ಹಾಕಿದ್ದೆ. ಮೊಳಕೆ ಚೆನ್ನಾಗಿಯೇ ಬಂತು. ಆಮೇಲೆ ಎರಡು ಎಲೆಗೆ ನಿಂತುಬಿಟ್ಟಿತು. 20 ದಿನ ಕಳೆದರೂ ಅಲ್ಲೇ. ಗೊಬ್ಬರ ಸಾಲದು ಅಂದರು, 19 ಆಲ್ (19:19:19 ಗೊಬ್ಬರ) ಕೊಟ್ಟೆ. ಎಲೆ ಅಂಚು ಸುಟ್ಟಿತು. ಬೇರಿನ ಟಾನಿಕ್ ಅಂತ ಅಂಗಡಿಯವರು ಒಂದು ಬಾಟಲಿ ಕೊಟ್ಟರು, 650 ರೂಪಾಯಿ. ಏನೂ ಆಗಲಿಲ್ಲ. ಕೊನೆಗೆ ಅಗಿ ಎಲ್ಲ ತಿಪ್ಪೆಗೆ ಹೋಯಿತು. ನರ್ಸರಿ ಅಗಿಯ ದುಡ್ಡೂ ಸೇರಿ ಆ ವರ್ಷ ಮೂರು ಸಾವಿರದ ಮೇಲೆ ಕೈಬಿಟ್ಟಿತು.

ಎಸೆಯುವಾಗ ನೋಡಿದೆ, ಬೇರಿನ ತುದಿ ಕಂದು ಬಣ್ಣಕ್ಕೆ ತಿರುಗಿತ್ತು. ಅದನ್ನು ನಾನು 20 ದಿನ ಮೊದಲೇ ನೋಡಬೇಕಿತ್ತು. ನೀರಲ್ಲಿ ಕರಗಿದ ಉಪ್ಪು ಅಳೆಯುವ 300 ರೂಪಾಯಿಯ ಟಿಡಿಎಸ್ ಪೆನ್ನು ತಂದು ಟ್ರೇ ಕೆಳಗೆ ಸೋರಿದ ನೀರಿಗೆ ಹಿಡಿದರೆ 1,800ರ ಹತ್ತಿರ ತೋರಿಸಿತು. ಕೋಕೋಪಿಟ್ (ತೆಂಗಿನ ನಾರಿನ ಪುಡಿ) ಉಪ್ಪು ಹೋಗುವ ಹಾಗೆ ತೊಳೆಯದೇ ತುಂಬಿದ್ದೆ. ಮೇಲಿಂದ ನಮ್ಮ ಬೋರ್ ನೀರೂ ಸವಳು. ಉಪ್ಪಿನ ಮೇಲೆ ಮತ್ತೆ ಗೊಬ್ಬರದ ಉಪ್ಪು ಸುರಿದರೆ ಬೇರು ನೀರನ್ನಾದರೂ ಹೇಗೆ ಎಳೆಯಬೇಕು?

ಈಗ ಕೋಕೋಪಿಟ್ ಮೂರು ಸಲ ತೊಳೆಯುತ್ತೇನೆ. ನಡುವೆ ಒಂದು ರಾತ್ರಿ ಕ್ಯಾಲ್ಸಿಯಂ ನೈಟ್ರೇಟ್ ನೀರಲ್ಲಿ ನೆನೆಸುತ್ತೇನೆ. ಸೋರುವ ನೀರಿನ ಟಿಡಿಎಸ್ 500ಕ್ಕಿಂತ ಕೆಳಗೆ ಇಳಿಯದೆ ಬೀಜ ಊರುವುದಿಲ್ಲ. ನೀರು ಕೊಡೋದು ತಗಡಿನಿಂದ ಡ್ರಮ್ಮಿಗೆ ಇಳಿಸಿದ ಮಳೆ ನೀರೇ. ನಂಬಿಕೆ ಬರಲಿ ಅಂತ ಒಂದು ಟ್ರೇಗೆ ಬೋರ್ ನೀರು, ಇನ್ನೊಂದಕ್ಕೆ ಮಳೆ ನೀರು ಹಾಕಿ ನೋಡಿದ್ದೆ. ಹತ್ತೇ ದಿನಕ್ಕೆ ಕಣ್ಣಿಗೆ ಕಾಣುವಷ್ಟು ವ್ಯತ್ಯಾಸ.

ಎರಡನೇ ವರ್ಷ ಬೆಳವಣಿಗೆ ಸರಿ ಹೋಯಿತು, ಆದರೆ ಮುಟುರು (ಎಲೆ ಮುದುಡುವ ರೋಗ) ಬಂತು. 2021-22ರಲ್ಲಿ ಕಪ್ಪು ಥ್ರಿಪ್ಸ್ ಅನ್ನೋ ರಸ ಹೀರುವ ಸಣ್ಣ ಕೀಟ ಮೆಣಸಿನ ಹೊಲಗಳನ್ನು ಹಾಳು ಮಾಡಿದ ಮೇಲೆ ನಮ್ಮ ಕಡೆ ಎಲೆ ಮುದುಡಿದರೆ ಸಾಕು, ಎಲ್ಲರ ಬಾಯಲ್ಲೂ ಥ್ರಿಪ್ಸ್. ನಾನೂ ಹಾಗೇ ತಿಳಿದು ಮೂರು ಸಲ ಥ್ರಿಪ್ಸಿನ ಔಷಧಿ ಹೊಡೆದೆ. 2,200 ರೂಪಾಯಿ ಹೋಯಿತು, ಮುಟುರು ಜಾಸ್ತಿಯೇ ಆಯಿತು. ಆಮೇಲೆ ಮೊಬೈಲಿಗೆ ಸಿಕ್ಕಿಸುವ 150 ರೂಪಾಯಿಯ ಲೆನ್ಸಿನಲ್ಲಿ ಎಲೆಯ ಕೆಳಭಾಗ ನೋಡಿದೆ. ಥ್ರಿಪ್ಸ್ ಒಂದೂ ಇಲ್ಲ. ಮಸುಕು ಹಳದಿ ಮೈಟ್ ನುಸಿ ಹರಿದಾಡುತ್ತಿದ್ದವು. ಎಲೆಯೇ ಅದನ್ನು ಹೇಳುತ್ತಿತ್ತು. ಥ್ರಿಪ್ಸ್ ಆದರೆ ಎಲೆ ದೋಣಿಯ ಹಾಗೆ ಮೇಲಕ್ಕೆ ಮಡಚುತ್ತದೆ. ಮೈಟ್ ಆದರೆ ಕೆಳಕ್ಕೆ ಬಾಗಿ ತೊಟ್ಟು ಉದ್ದ ಆಗುತ್ತದೆ. ನೀರಲ್ಲಿ ಬೆರೆಯುವ ಗಂಧಕ ಲೀಟರಿಗೆ 2 ಗ್ರಾಂ, ಸಂಜೆ ಹೊತ್ತು, ವಾರ ಬಿಟ್ಟು ಎರಡು ಸಲ. ಹೊಸ ಎಲೆ ನೆಟ್ಟಗೆ ಬಂದವು. ಬಿಸಿಲಲ್ಲಿ ಮಾತ್ರ ಗಂಧಕ ಹೊಡೆಯಬೇಡಿ, ಎಲೆ ಸುಡುತ್ತದೆ. ಆದರೆ ತಡವಾಗಿತ್ತು, ಅರ್ಧ ಅಗಿ ಅಷ್ಟರಲ್ಲೇ ಕುಗ್ಗಿ ಹೋಗಿತ್ತು.

ನುಸಿ ಬಂದದ್ದು ಎಲ್ಲಿಂದ? ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಹಳೇ ಮೆಣಸಿನ ಗಿಡ ಮೂರು ಇದ್ದವು. ದಿನದ ಅಡುಗೆಗೆ ಕಾಯಿ ಬೇಕು ಅಂತ ಅವ್ವ ಉಳಿಸಿಕೊಂಡಿದ್ದರು. ಎಲೆ ತಿರುವಿದರೆ ತುಂಬಾ ನುಸಿ, ಜೊತೆಗೆ ಬಿಳಿನೊಣ. ಈ ಮೈಟ್ ಬಿಳಿನೊಣದ ಕಾಲು ಹಿಡಿದುಕೊಂಡು ಗಿಡದಿಂದ ಗಿಡಕ್ಕೆ ಹೋಗುತ್ತದೆ. ಟ್ರೇ ಇದ್ದದ್ದು ಅಲ್ಲಿಂದ ಎಂಟೇ ಹೆಜ್ಜೆ. ಅವ್ವನನ್ನು ಒಪ್ಪಿಸಿ ಗಿಡ ಕೀಳೋಕೆ ನನಗೆ ನಾಲ್ಕು ದಿನ ಬೇಕಾಯಿತು. ಈ ಸಲ ಬೀಜ ಊರುವ ತಿಂಗಳು ಮೊದಲೇ ಹಿತ್ತಲಲ್ಲಿ ಒಂದೂ ಮೆಣಸಿನ ಗಿಡ ಇಡಲಿಲ್ಲ. ಟ್ರೇ ಮೇಲೆ 50 ಮೆಶ್ (ಇಂಚಿಗೆ 50 ಕಣ್ಣಿನ) ಪರದೆ ಕಟ್ಟಿದೆ. ಅದು ಥ್ರಿಪ್ಸನ್ನು ಪೂರ್ತಿ ತಡೆಯೋದಿಲ್ಲ, ಬಿಳಿನೊಣವನ್ನು ತಡೆಯುತ್ತದೆ. ಒಳಗೆ ಹಳದಿ, ನೀಲಿ ಅಂಟು ಹಾಳೆ ಎರಡೆರಡು.

ನಡುವೆ ಸಣ್ಣಪುಟ್ಟ ಪ್ರಯೋಗಗಳೂ ನಡೆದವು. ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಕಷಾಯ ಗಟ್ಟಿಯಾಗಿ ಹೊಡೆದು ಒಂದು ಟ್ರೇ ಸುಟ್ಟುಕೊಂಡೆ. ಹುಳಿ ಮಜ್ಜಿಗೆಯಿಂದ ಲಾಭವೂ ಕಾಣಲಿಲ್ಲ, ನಷ್ಟವೂ ಕಾಣಲಿಲ್ಲ. ದಿನಾ ಬೆಳಿಗ್ಗೆ ಅಗಿಯ ತಲೆ ಮೇಲೆ ಕೈ ಸವರಿದ ಟ್ರೇಗಳಲ್ಲಿ ಮಾತ್ರ ಕಾಂಡ ಗಿಡ್ಡವಾಗಿ, ದಪ್ಪವಾಗಿ ಬಂತು. ಇದನ್ನು ಬಿಡೋದಿಲ್ಲ. ಬೀಜ ನೆನೆಹಾಕುವ ನೀರಿಗೆ ನಾನು ಏನು ಬೆರೆಸುತ್ತೇನೆ ಅನ್ನೋದನ್ನು ಇನ್ನೊಂದು ವರ್ಷ ನೋಡದೆ ಹೇಳೋದಿಲ್ಲ.

ಖರ್ಚು ನೆನಪಿದ್ದಷ್ಟು: ಟ್ರೇ 800, ಕೋಕೋಪಿಟ್ 600, ಪರದೆ 1,800, ಗಂಧಕ, ಬೇವಿನೆಣ್ಣೆ ಇತ್ಯಾದಿ 600. ಅಗಿಗೆ ಹೆಚ್ಚುಕಡಿಮೆ ಒಂದು ರೂಪಾಯಿ ಬಿತ್ತು. ಬೀಜ ಮನೇದೇ. ಪರದೆ, ಟ್ರೇ ಉಳಿಯೋದರಿಂದ ಬರುವ ವರ್ಷ 30 ಪೈಸೆಗೆ ಇಳಿಯಬೇಕು.

42ನೇ ದಿನಕ್ಕೆ ನಾಟಿ, ಮೂರಡಿ ಸಾಲು, ಎರಡಡಿ ಅಂತರ. ಉಳಿದದ್ದರಲ್ಲಿ ನೂರು ಅಗಿ ಹುಸಿ ತುಂಬೋಕೆ (ಸತ್ತ ಅಗಿಯ ಜಾಗಕ್ಕೆ ಹಚ್ಚೋಕೆ) ಇಟ್ಟುಕೊಂಡೆ. ಕಾಕಾ 150 ಕೇಳಿದರು. ಮೊದಲು ನಿಮ್ಮ ಬಾವಿ ಕಟ್ಟೆಯ ಹಳೇ ಗಿಡ ಕೀಳ್ರಿ ಅಂದೆ. ಅವತ್ತು ಸಂಜೆಯೇ ಕಿತ್ತು ಹೂತು, ಮರುದಿನ ಬುಟ್ಟಿ ತಂದರು.