ಹೊಸಬರಿಗೆ ಮಾರ್ಗದರ್ಶಿ: ಹ್ಯಾಲೋವೀನ್ ಪಾಠಕ್ಕೆ ಒಂದು ಕುಂಬಳಕಾಯಿ ಸಾಕು

ಅಮೆರಿಕಕ್ಕೆ ಬಂದು ಎರಡು ತಿಂಗಳೂ ಆಗಿರುವುದಿಲ್ಲ, ಪಕ್ಕದ ಮನೆಯ ಅಂಗಳದಲ್ಲಿ ಅಸ್ಥಿಪಂಜರ ನೇತಾಡುತ್ತಿರುತ್ತದೆ. ಊರಿಂದ ಬಂದಿರುವ ಅಜ್ಜಿ "ಇದೇನ್ರೋ ಅಪಶಕುನ" ಅನ್ನುತ್ತಾರೆ. ಗಾಬರಿ ಬೇಡ. ಅಕ್ಟೋಬರ್ 31ರ ಹ್ಯಾಲೋವೀನ್ ಇಲ್ಲಿ ಮಕ್ಕಳ ವೇಷದ ಹಬ್ಬ. ಸಂಜೆ ವೇಷ ಹಾಕಿಕೊಂಡು ಮನೆಮನೆಗೆ ಹೋಗಿ ಚಾಕ್ಲೇಟ್ ಕೇಳುತ್ತಾರೆ, ಬಾಗಿಲಲ್ಲಿ ಕುಂಬಳಕಾಯಿ ಕೊರೆದು ದೀಪ ಇಡುತ್ತಾರೆ. ಹಿಂದೆ ಐರ್ಲೆಂಡಿನವರು ಟರ್ನಿಪ್ ಗೆಡ್ಡೆ ಕೊರೆದು ದೀಪ ಇಡುತ್ತಿದ್ದರು. ಅಲ್ಲಿಂದ ವಲಸೆ ಬಂದವರಿಗೆ ಇಲ್ಲಿ ಕುಂಬಳ ಸಿಕ್ಕಿತು. ದೊಡ್ಡದು, ಕೊರೆಯೋದೂ ಸುಲಭ.

ಮೊದಲು ಶಾಲೆಯ ಚೀಟಿ ಪೂರ್ತಿ ಓದಿ. ಕೆಲವು ಶಾಲೆಗಳಲ್ಲಿ ವೇಷವೇ ಇಲ್ಲ, ಕೆಲವು ಕಡೆ ಕಥೆಪುಸ್ತಕದ ಪಾತ್ರಗಳಿಗೆ ಮಾತ್ರ ಅವಕಾಶ. ಮುಖವಾಡ, ಆಟಿಕೆ ಕತ್ತಿ ಹೆಚ್ಚಿನ ಕಡೆ ನಡೆಯೋದಿಲ್ಲ. ನಮ್ಮ ಮಗಳು ಒಂದನೇ ಕ್ಲಾಸಿನಲ್ಲಿ ಒನಕೆ ಓಬವ್ವ ಆಗಿದ್ದಳು. ಕಚ್ಚೆ ಸೀರೆ ಸರಿಹೋಯಿತು, ರಟ್ಟಿನ ಒನಕೆ ಮಾತ್ರ ಬಾಗಿಲಿಂದಲೇ ವಾಪಸ್ ಬಂತು. ಮರುವರ್ಷ ಕೈಗೆ ನೀರಿನ ಕೊಡ ಕೊಟ್ಟೆವು. ಓಬವ್ವ ನೀರು ತರೋಕೇ ಹೋಗಿದ್ದಳು, ಅಲ್ವಾ?

ಮನೆಯಲ್ಲಿ ಏನು ಮಾಡಿಸೋದು? ಒಂದು ಕುಂಬಳ ತನ್ನಿ. ಮಗು ಅದನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಲ್ಲಲಿ, ಆಮೇಲೆ ಬರಿಗೈಯಲ್ಲಿ ನಿಲ್ಲಲಿ. ಕಳೆಯುವ ಲೆಕ್ಕ ಅಲ್ಲೇ ಆಯ್ತು. ಉಲ್ಲನ್ ದಾರದಿಂದ ಸುತ್ತಳತೆ ತೆಗೆಯಿರಿ. ಟಬ್‌ನಲ್ಲಿ ನೀರು ತುಂಬಿ, "ಮುಳುಗುತ್ತೋ ತೇಲುತ್ತೋ?" ಅಂತ ಕೇಳಿ. ಇಷ್ಟು ಭಾರದ್ದು ಮುಳುಗಲೇಬೇಕು ಅಂತ ಮಕ್ಕಳು ಪಂಥ ಕಟ್ಟುತ್ತಾರೆ. ಒಳಗೆ ಟೊಳ್ಳು, ತುಂಬಾ ಗಾಳಿ. ತೇಲುತ್ತದೆ.

ಕೊರೆಯುವ ಚಾಕು ದೊಡ್ಡವರ ಕೈಲಿರಲಿ, ಬೀಜ ತೆಗೆಯೋದು ಮಕ್ಕಳಿಗೆ. ಲೋಳೆ ಲೋಳೆ ಅಂತ ಕಿರುಚಾಡಿದರೂ ಬಿಡೋದಿಲ್ಲ. ಎಷ್ಟು ಬೀಜ ಇರಬಹುದು ಅಂತ ಮೊದಲು ಊಹೆ ಬರೆಸಿ. ತೊಳೆದು, ಪೇಪರ್ ಮೇಲೆ ಹತ್ತತ್ತರ ಗುಂಪು ಮಾಡಿಸಿ. ಹತ್ತು ಗುಂಪು ಸೇರಿದರೆ ನೂರು. ಸ್ಥಾನಬೆಲೆ ಕಲಿಸಲು ಇದಕ್ಕಿಂತ ಒಳ್ಳೆ ದಾರಿ ನಾನು ಕಂಡಿಲ್ಲ. ಆಮೇಲೆ ಉಪ್ಪು, ಅಚ್ಚಖಾರ ಹಾಕಿ ಓವನ್‌ನಲ್ಲಿ ಹುರಿಯಿರಿ.

ಹಬ್ಬಕ್ಕೆ ಒಂದೆರಡು ದಿನ ಮುಂಚೆ ಕೊರೆದರೆ ಸಾಕು, ಬೇಗ ಕೊರೆದರೆ ಬೂಷ್ಟು ಹಿಡಿಯುತ್ತದೆ. ಹಬ್ಬ ಮುಗಿದ ಮೇಲೆ ಹಿತ್ತಲಲ್ಲಿಟ್ಟು ದಿನಾ ಒಂದು ಫೋಟೊ ತೆಗೆದರೆ ಆ ಬೂಷ್ಟೂ ಒಂದು ವಿಜ್ಞಾನದ ಪಾಠ. ಅಂದಹಾಗೆ, ಕೊರೆಯುವ ದೊಡ್ಡ ಕುಂಬಳದಲ್ಲಿ ಹುಳಿ ಮಾಡಲು ಹೋಗಬೇಡಿ. ಬರೀ ನಾರು, ನೀರು. ಅಡುಗೆಗೆ ಸಣ್ಣ ಶುಗರ್ ಪಂಪ್ಕಿನ್ ತನ್ನಿ.

ಪಕ್ಕದ ಮನೆಯ ಅಸ್ಥಿಪಂಜರವೂ ಉಪಯೋಗಕ್ಕೆ ಬರುತ್ತದೆ. ಕಪ್ಪು ಹಾಳೆ ಮೇಲೆ ಕಿವಿಗೆ ಹಾಕುವ ಹತ್ತಿ ಕಡ್ಡಿ ಅಂಟಿಸಿ ಮೂಳೆ ಮಾಡಿಸಿ. ತಲೆಬುರುಡೆ, ಬೆನ್ನುಮೂಳೆ, ಪಕ್ಕೆಲುಬು ಅಂತ ಕನ್ನಡದಲ್ಲೇ ಬರೆಸಿ. ಪಕ್ಕೆಲುಬು 12 ಜೊತೆ, ದೊಡ್ಡವರ ಮೈಯಲ್ಲಿ ಒಟ್ಟು 206 ಮೂಳೆ. ದೆವ್ವದ ಕಥೆ ಕೇಳಿದರೆ ನಮ್ಮದೇ "ನಾಳೆ ಬಾ" ಇದೆಯಲ್ಲ! ಮಗು ಬಾಗಿಲಿಗೆ ಅದನ್ನು ಬರೆದು ಅಂಟಿಸಿದರೆ ಅಕ್ಷರ ಅಭ್ಯಾಸವೂ ಆಯ್ತು. ಹೇಗೂ ಚಾಕ್ಲೇಟ್ ಕೇಳಲು ಬರುವ ಹೆಚ್ಚಿನವರಿಗೆ ಅದನ್ನು ಓದಲು ಬರೋದಿಲ್ಲ.

ಅವತ್ತು ಸಂಜೆ ಬಾಗಿಲ ದೀಪ ಹಚ್ಚಿರುವ ಮನೆಗೆ ಮಾತ್ರ ಹೋಗಿ. ಹಸಿರುನೀಲಿ ಬಣ್ಣದ ಕುಂಬಳ ಇಟ್ಟಿದ್ದರೆ ಅಲ್ಲಿ ತಿಂಡಿಯ ಬದಲು ಪೆನ್ಸಿಲ್, ಸ್ಟಿಕರ್ ಥರದ್ದೂ ಸಿಗುತ್ತದೆ. ಅಲರ್ಜಿ ಇರುವ ಮಕ್ಕಳಿಗೆ ಅನುಕೂಲ.

ಮನೆಗೆ ಬಂದ ಮೇಲೆ ಚಾಕ್ಲೇಟನ್ನು ಬಗೆಬಗೆಯಾಗಿ ವಿಂಗಡಿಸಿ ನೆಲದ ಮೇಲೆ ಸಾಲು ಮಾಡಿಸಿ. ಉದ್ದ ಸಾಲು ಯಾವುದು, ಗಿಡ್ಡ ಯಾವುದು? ಅದೇ ಬಾರ್ ಗ್ರಾಫ್. ಪಕ್ಕದಲ್ಲಿ ೧, ೨, ೩ ಬರೆಸಿ. ಮೊಟ್ಟೆ, ಜೆಲಾಟಿನ್ (ಪ್ರಾಣಿಗಳ ಚರ್ಮ, ಮೂಳೆಯಿಂದ ಮಾಡಿದ್ದು) ತಿನ್ನದವರು ಲೇಬಲ್ ಓದೋದನ್ನೂ ಆಗಲೇ ಕಲಿಸಬಹುದು.

ಕೊರೆಯದ ಇನ್ನೊಂದು ಪುಟ್ಟ ಕುಂಬಳ ಉಳಿಸಿಕೊಳ್ಳಿ. ಮಾರನೇ ದಿನ ನವೆಂಬರ್ 1, ರಾಜ್ಯೋತ್ಸವ. ಬಣ್ಣ ಬಳಿಯಲು ಮಕ್ಕಳಿಗೇ ಬಿಡಿ. ಮೇಲೆ ಹಳದಿ, ಕೆಳಗೆ ಕೆಂಪು ಅಂತ ಮಾತ್ರ ಮೊದಲೇ ಹೇಳಿ. ನಮ್ಮ ಮನೇಲಿ ಒಂದು ಸಲ ತಿರುಗಾಮುರುಗಾ ಆಗಿತ್ತು.