ಮೊದಲು ಉಚ್ಚೆ ಸರಿಯಾಗಿ ಹಿಡಿಯಬೇಕು

ಪದೇ ಪದೇ ಯೂರಿನ್ ಇನ್ಫೆಕ್ಷನ್ ಅಂತ ಮಗುವನ್ನು ಕರೆತಂದರೆ ನಾನು ಮೊದಲು ಹಳೇ ರಿಪೋರ್ಟು ಕೇಳುತ್ತೇನೆ. ಎಷ್ಟೋ ಫೈಲುಗಳಲ್ಲಿ ಕಲ್ಚರ್, ಅಂದರೆ ಉಚ್ಚೆಯಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತವಾ ಅಂತ ಲ್ಯಾಬಿನಲ್ಲಿ ನೋಡುವ ಪರೀಕ್ಷೆ, ಮಾಡಿಸಿಯೇ ಇರುವುದಿಲ್ಲ. ಉಚ್ಚೆಯಲ್ಲಿ 'ಪಸ್ ಸೆಲ್ಸ್ (ಕೀವಿನ ಕಣ) 8–10' ಅಂತ ಒಂದು ಸಾಲು, ಅದರ ಬೆನ್ನಿಗೇ ಆಂಟಿಬಯೋಟಿಕ್. ಬೇರೆ ಜ್ವರದಲ್ಲೂ ಪಸ್ ಸೆಲ್ಸ್ ಕಾಣಬಹುದು, ಅಲ್ವಾ? ಕಲ್ಚರ್ ಇದ್ದರೂ ಉಚ್ಚೆ ಹೇಗೆ ಹಿಡಿದರು ಅನ್ನುವುದನ್ನು ಯಾರೂ ಬರೆದಿರುವುದಿಲ್ಲ.

ಎಳೆಮಕ್ಕಳಿಗೆ ಅಂಟಿಸುವ ಪ್ಲಾಸ್ಟಿಕ್ ಚೀಲವನ್ನು ಕಲ್ಚರಿಗೆ ನಾನು ಬಳಸುವುದಿಲ್ಲ. ಚರ್ಮದ ಮೇಲಿನ ಬ್ಯಾಕ್ಟೀರಿಯಾ ಎಲ್ಲ ಅದರೊಳಗೆ ಸೇರುತ್ತವೆ. ಏನೂ ಬೆಳೆಯಲಿಲ್ಲ ಅಂದರೆ ನಂಬಬಹುದು, ಬೆಳೆದರೆ ನಂಬುವ ಹಾಗಿಲ್ಲ. ಅದರ ಬದಲು ಮಗುವನ್ನು ಅಮ್ಮನ ತೊಡೆ ಮೇಲೆ ಮಲಗಿಸಿ, ಬರೀ ನೀರಲ್ಲಿ ತೊಳೆದು, ತಣ್ಣಗಿನ ಸಲೈನ್‌ನಲ್ಲಿ ಅದ್ದಿದ ಗಾಜ್‌ ಬಟ್ಟೆಯಿಂದ ಕಿಬ್ಬೊಟ್ಟೆ ಉಜ್ಜುತ್ತೇವೆ. ಸಿಸ್ಟರ್ ಬಾಟಲಿ ಹಿಡಿದು ಕಾಯುತ್ತಾರೆ. ಕೆಲವು ಮಕ್ಕಳು ಐದು ನಿಮಿಷದೊಳಗೆ ಉಚ್ಚೆ ಹೊಯ್ಯುತ್ತವೆ, ಕೆಲವು ಸಿಸ್ಟರ್ ಬೇರೆ ಕಡೆ ತಿರುಗುವುದನ್ನೇ ಕಾಯುತ್ತವೆ! ಮಗು ತುಂಬಾ ಸುಸ್ತಾಗಿದ್ದರೆ ಕಾಯುವುದಿಲ್ಲ, ಸಣ್ಣ ಕ್ಯಾತಿಟರ್ (ನಳಿಕೆ) ಹಾಕಿ ತೆಗೆಯುತ್ತೇವೆ. ಏನೇ ಆಗಲಿ, ಆಂಟಿಬಯೋಟಿಕ್‌ಗಿಂತ ಮೊದಲು.

ಬಾಟಲಿ ಒಂದು ಗಂಟೆಯೊಳಗೆ ಲ್ಯಾಬ್ ಸೇರಬೇಕು, ಇಲ್ಲದಿದ್ದರೆ ಫ್ರಿಜ್ಜಿಗೆ. ಸುಮ್ನೆ ಕೌಂಟರ್ ಮೇಲೆ ಬಿಟ್ಟರೆ ಅಲ್ಲೇ ಬ್ಯಾಕ್ಟೀರಿಯಾ ಹೆಚ್ಚುತ್ತವೆ. ನೇರ ಹಿಡಿದದ್ದರಲ್ಲಿ ಒಂದೇ ಜಾತಿಯ ಬ್ಯಾಕ್ಟೀರಿಯಾ ಬೆಳೆದು, ಮಿಲಿಲೀಟರಿಗೆ 1 ಲಕ್ಷ ದಾಟಿದ್ದರೆ ಸೋಂಕು ಅನ್ನುತ್ತೇನೆ. ಕ್ಯಾತಿಟರ್‌ನದ್ದಾದರೆ 50,000 ಸಾಕು. ಮೂರ್ನಾಲ್ಕು ಜಾತಿ ಬೆಳೆದಿದ್ದರೆ ಮತ್ತೆ ಹಿಡಿಯುವುದೇ. ಉಚ್ಚೆಯಲ್ಲಿ ಅದ್ದಿ ನೋಡುವ ಸ್ಟ್ರಿಪ್‌ನಲ್ಲಿ ನೈಟ್ರೈಟ್ (ಬ್ಯಾಕ್ಟೀರಿಯಾ ಉಂಟುಮಾಡುವ ರಾಸಾಯನಿಕ) ನೆಗೆಟಿವ್ ಅಂತ ಎಳೆಮಕ್ಕಳ ವಿಷಯದಲ್ಲಿ ನಿರಾಳವಾಗುವ ಹಾಗಿಲ್ಲ. ನೈಟ್ರೈಟ್ ಆಗಲು ಉಚ್ಚೆ ಸುಮಾರು ನಾಲ್ಕು ಗಂಟೆ ಒಳಗೆ ನಿಲ್ಲಬೇಕು, ಅವು ಎಲ್ಲಿ ನಿಲ್ಲಿಸಿಕೊಳ್ಳುತ್ತವೆ?

ಶಾಲೆಗೆ ಹೋಗುವ ಮಕ್ಕಳಾದರೆ ಕಕ್ಕದ ವಿಚಾರ ಕೇಳದೆ ಬಿಡುವುದಿಲ್ಲ. ಮಲಬದ್ಧತೆ ಇದ್ದರೆ ಮೂತ್ರಚೀಲ ಪೂರ್ತಿ ಖಾಲಿಯಾಗುವುದಿಲ್ಲ. ಒಬ್ಬಳು ಹುಡುಗಿ, ಅಮ್ಮ ಉತ್ತರ ಹೇಳುವ ಮೊದಲೇ, "ಡಾಕ್ಟ್ರೇ, ನಮ್ ಸ್ಕೂಲ್ ಟಾಯ್ಲೆಟ್ಟಿಗೆ ಚಿಲಕಾನೇ ಇಲ್ಲ" ಅಂದಳು. ಬೆಳಿಗ್ಗೆಯಿಂದ ಸಂಜೆವರೆಗೆ ತಡೆದುಕೊಳ್ಳುತ್ತಿದ್ದಳು. ಇದು ಯಾವ ಸ್ಕ್ಯಾನಿನಲ್ಲೂ ಕಾಣುವುದಿಲ್ಲ.

ಸೋಂಕು ಮರುಕಳಿಸಿದ್ದು ಖಾತ್ರಿಯಾದರೆ ಅಲ್ಟ್ರಾಸೌಂಡ್ ಎಲ್ಲರಿಗೂ. ಎಂಸಿಯು ಅನ್ನುವ ಮೂತ್ರಚೀಲದ ಎಕ್ಸ್‌ರೇ ಎಲ್ಲರಿಗೂ ಬೇಡ. ಜ್ವರದ ಸೋಂಕು ಮತ್ತೆ ಮತ್ತೆ ಬಂದವರಿಗೆ, ಇಲ್ಲವೇ ಸ್ಕ್ಯಾನಿನಲ್ಲಿ ಕಿಡ್ನಿ ಊದಿದವರಿಗೆ ಬರೆಯುತ್ತೇನೆ. ನಳಿಕೆಯಿಂದ ಮೂತ್ರಚೀಲಕ್ಕೆ ಡೈ ತುಂಬಿಸಿ, ಉಚ್ಚೆ ಹೊಯ್ಯುವಾಗಲೇ ಎಕ್ಸ್‌ರೇ ತೆಗೆಯುತ್ತಾರೆ, ಮಗು ಅಳಬಹುದು ಅಂತ ಮುಚ್ಚಿಡದೆ ಹೇಳುತ್ತೇನೆ. ಕಿಡ್ನಿಯಲ್ಲಿ ಕಲೆ ಉಳಿದಿದೆಯಾ ಅಂತ ನೋಡುವ ಡಿಎಂಎಸ್‌ಎ ಸ್ಕ್ಯಾನಿಗೆ ಸೋಂಕಿನ ನಂತರ ಕನಿಷ್ಠ ನಾಲ್ಕು ತಿಂಗಳು ಬಿಡುತ್ತೇನೆ. ಬೇಗ ಮಾಡಿಸಿದರೆ ಹೊಸ ಊತವೂ ಕಲೆಯ ಹಾಗೇ ಕಾಣುತ್ತದೆ. ಈ ನಡುವೆ ಜ್ವರ ಬಂದರೆ ಮೊದಲು ಕಲ್ಚರಿಗೆ ಕೊಡಿ, ಆಮೇಲೆ ಔಷಧಿ ಅಂತ ಚೀಟಿಯಲ್ಲೇ ದಪ್ಪಕ್ಷರದಲ್ಲಿ ಬರೆದುಕೊಡುತ್ತೇನೆ.